ಅಕ್ಕನ ಕಾಲಿನ ಗೆಜ್ಜೆ

ಹೊಂಗೆನೆರಳಿನ ಪೂಜೆ ಕೋಣೆಯ ಹೊರಗೆ ಸಂಜೆ ಭಜನೆಯ ಹೊತ್ತಿಗೆ ಎರಡು ಸಾಲು ಕಾಣುತ್ತಿದ್ದವು. ಒಂದು ಚಪ್ಪಲಿಗಳದು, ಇನ್ನೊಂದು ಗೆಜ್ಜೆಗಳದು. ಚಪ್ಪಲಿ ಹೊರಗೆ ಬಿಡುವುದೇಕೆಂದು ಯಾರೂ ಕೇಳುವುದಿಲ್ಲ. ಗೆಜ್ಜೆ ಹೊರಗೇಕೆ ಎಂದು ಮಾತ್ರ ಡಾಕ್ಟರ್ ಜೋವಿಟಾ ಬಂದ ಹೊಸದರಲ್ಲಿ ಕೇಳಿದ್ದಳು. ಹೊಟ್ಟೆಯ ಕೆಳಗಿನ ವ್ಯವಹಾರದ ಸಾಮಾನನ್ನು ದೇವರ ಮುಂದೆ ತರುವುದು ಹೇಗೆ ಎಂದು ಸುಲೋಚನಮ್ಮ ಅವಳಿಗೆ ತಿಳಿಹೇಳಿದಳು. ಹಾಗಾದರೆ ಹೊಕ್ಕುಳ ಕೆಳಗೆ ಅಂಟಿಸಿದ ಬಿಲ್ಲೆಯನ್ನೂ ತೆಗೆಯಬೇಕಲ್ಲ ಎಂದು ಜೋವಿಟಾ ಕೇಳಿದ್ದಕ್ಕೆ, ಅದು ಸೀರೆಯೊಳಗೆ ಇರುತ್ತದೆ, ದೇವರಿಗೆ ಕಾಣುವುದಿಲ್ಲ ಎಂಬ ಉತ್ತರ ಬಂತು. ಎಂಟು ವರ್ಷ ಪ್ರಯೋಗಾಲಯದಲ್ಲಿ ಕೂತು ಆ ಗೆಜ್ಜೆಯನ್ನು ರೂಪಿಸಿದ್ದ ಜೋವಿಟಾ ತನ್ನ ಚಪ್ಪಲಿಯನ್ನೂ ಸಾಲಿಗೆ ಸೇರಿಸಿ ಒಳಗೆ ಹೋಗಿ ಭಜನೆಗೆ ಕೂತಳು.

ಇದು ಇನ್ನು ಹದಿನೈದಿಪ್ಪತ್ತು ವರ್ಷ ಕಳೆದ ಮೇಲಿನ ಮಾತು. ಹೊಂಗೆನೆರಳು ಎಂಬುದು ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ರಸ್ತೆಯಲ್ಲಿರುವ ಹಿರಿಯರ ನಿವಾಸ. ಆ ಹೊತ್ತಿಗೆ ಡ್ರೈವರಿಲ್ಲದ ಬಸ್ಸು ತುಂಗಭದ್ರೆಯ ಸೇತುವೆ ದಾಟುತ್ತಿತ್ತು, ಚಂದ್ರನ ಮೇಲೆ ಯಾರೋ ಹೂಕೋಸು ಬೆಳೆದಿದ್ದರು. ಆದರೆ ಎಪ್ಪತ್ತು ದಾಟಿದವರು ಜೋರಾಗಿ ಸೀನಿದರೆ ಸೀರೆ ಒದ್ದೆಯಾಗುವುದು ಮಾತ್ರ ಹಾಗೇ ಉಳಿದಿತ್ತು. ಮಂಡಿನೋವಿನ ಬಗ್ಗೆ ದಿನವಿಡೀ ಮಾತಾಡುವ ಜನ ಈ ವಿಷಯ ಬಂದರೆ ಮುಖ ತಿರುಗಿಸುತ್ತಿದ್ದರು. ಮಧ್ಯಾಹ್ನದ ಮೇಲೆ ನೀರು ಮುಟ್ಟದವರು ಎಷ್ಟು ಜನ, ಸೊಂಟ ನೋವೆಂದು ಸುಳ್ಳು ಹೇಳಿ ಮೊಮ್ಮಕ್ಕಳ ಮದುವೆಗೆ ಹೋಗದೆ ಉಳಿದವರು ಎಷ್ಟು ಜನ. ಹೆಂಗಸರು ನಗುವ ಮುಂಚೆ ಕಾಲು ಕತ್ತರಿ ಹಾಕಿಕೊಂಡು ಕೂರುತ್ತಿದ್ದರು.

ಜೋವಿಟಾ ತಂದ ಸಾಮಾನು ಎರಡು ತುಂಡಿನದು. ಹೊಕ್ಕುಳ ಕೆಳಗೆ ಅಂಟಿಸುವ ಬಿಲ್ಲೆ, ನಾಣ್ಯದಷ್ಟು ದೊಡ್ಡದು. ಬಾವಲಿಯ ಹಾಗೆ ಕಿವಿಗೆ ಕೇಳಿಸದ ಸದ್ದು ಬಿಟ್ಟು, ಅದು ತಿರುಗಿ ಬರುವುದನ್ನು ಆಲಿಸಿ, ಮೂತ್ರಕೋಶ ಎಷ್ಟು ತುಂಬಿದೆ ಎಂದು ಲೆಕ್ಕ ಹಾಕುತ್ತದೆ. ತುಂಬುತ್ತ ಬಂದಾಗ ತನ್ನ ಜೋಡಿಯ ಗೆಜ್ಜೆಗೆ ಸುದ್ದಿ ಮುಟ್ಟಿಸುತ್ತದೆ. ಮೊಬೈಲ್ ಗೋಪುರ ಇದ್ದ ಕಡೆಯೆಲ್ಲ ಈ ಸುದ್ದಿ ಹೋಗುತ್ತದೆ. ಗೆಜ್ಜೆ ಕಾಲಿನ ಹರಡಿನ ಒಳಪಕ್ಕದ ನರಕ್ಕೆ ಸಣ್ಣ ಕರೆಂಟು ಕೊಡುತ್ತದೆ. ಆ ನರವೂ ಮೂತ್ರಕೋಶದ ನರವೂ ಬೆನ್ನುಹುರಿಯಲ್ಲಿ ಒಂದೇ ಕಡೆ ಸೇರುವುದರಿಂದ, ಗಾಬರಿಬಿದ್ದು ಹಿಂಡಿಕೊಳ್ಳುವ ಮೂತ್ರಕೋಶ ಸ್ವಲ್ಪ ಹೊತ್ತು ತಣ್ಣಗಾಗುತ್ತದೆ. ಜೊತೆಗೇ ಗೆಜ್ಜೆ ಗುಂಯ್ ಎಂದು ನಡುಗಿ, ಏಳು ಎನ್ನುತ್ತದೆ.

"ಅಳುವ ಮಗು ಉಂಟಲ್ಲ, ಹಾಗೆ ಅದು," ಎಂದು ಮಂಗಳೂರಿನ ಕಡೆಯ ಜೋವಿಟಾ ಮೊದಲ ದಿನ ಎಲ್ಲರನ್ನೂ ಕೂರಿಸಿ ಹೇಳಿದ್ದಳು. "ತಟ್ಟಿದರೆ ಸ್ವಲ್ಪ ಹೊತ್ತು ಸುಮ್ಮನಿರ್ತದೆ. ಅಷ್ಟರಲ್ಲಿ ನೀವು ಎದ್ದು ಹೋಗ್ಬೇಕು."

ಗಂಡಸರಿಗೆ ಗೆಜ್ಜೆ ಎನ್ನಲು ನಾಚಿಕೆಯಾಗಿ ಉಪಕರಣ ಎಂದರು. ಹೆಂಗಸರು ಗೆಜ್ಜೆ ಎಂದೇ ಕರೆದರು. ತಿಂಗಳು ಕಳೆಯುವುದರೊಳಗೆ ಹೊಂಗೆನೆರಳಿನಲ್ಲಿ ಸಂಜೆ ಮಜ್ಜಿಗೆ ಖರ್ಚಾಗತೊಡಗಿತು. ವ್ಯಾನು ಮಾಡಿಕೊಂಡು ಹರಿಹರೇಶ್ವರನ ಗುಡಿಗೆ ಹೋಗಿಬಂದರು. ಊಟದ ಹಾಲಿನಲ್ಲಿ ಜನ ಕಾಲು ಕತ್ತರಿ ಹಾಕದೆ ನಕ್ಕರು.

ಸುಲೋಚನಮ್ಮನ ರೋಗ ಸಣ್ಣದು. ಸೀನು, ಕೆಮ್ಮು, ನಗು, ಅಷ್ಟೇ. ಅವಳ ಚಿಂತೆಯೆಲ್ಲ ಅಕ್ಕನದು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ವಾರಗಿತ್ತಿ. ಗಂಡನ ಅಣ್ಣನ ಹೆಂಡತಿ, ದಾಕ್ಷಾಯಣಮ್ಮ. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಮನೆಗೆ ಇಬ್ಬರೂ ಸೊಸೆಯರಾಗಿ ಬಂದು, ನಲವತ್ತು ವರ್ಷ ಒಂದೇ ಒಲೆಯ ಮುಂದೆ ಜಗಳವಾಡಿದವರು. ಸಾರಿಗೆ ಉಪ್ಪು ಹೆಚ್ಚಾದದ್ದು ಯಾರಿಂದ ಎಂಬ ವಿಚಾರ ಇಬ್ಬರ ಗಂಡಂದಿರೂ ತೀರಿಹೋದ ಮೇಲೂ ಇತ್ಯರ್ಥವಾಗಿರಲಿಲ್ಲ. ಭಟ್ಟಿ ಮುಚ್ಚಿದಾಗ ದಾಕ್ಷಾಯಣಮ್ಮನ ಮಗಳು ಶೈಲಜಾ ರಾಣೇಬೆನ್ನೂರಿಗೆ ಬಾ ಎಂದು ತಾಯಿಯನ್ನು ಕರೆದಳು. ಅಲ್ಲಿ ಜಗಳವಾಡಲು ಯಾರಿದ್ದಾರೆ ಎಂದ ದಾಕ್ಷಾಯಣಮ್ಮ, ಸುಲೋಚನಮ್ಮನ ಜೊತೆ ಹೊಂಗೆನೆರಳಿನ ಕೆಳಮಹಡಿಯ ಜೋಡಿ ಕೋಣೆ ಹಿಡಿದಳು.

ಅವಳಿಗೆ ಎರಡು ವರ್ಷದಿಂದ ಮರೆವು ಶುರುವಾಗಿತ್ತು. ಮರೆವಿನ ಹಿಂದೆಯೇ ಹಾಸಿಗೆ ಒದ್ದೆಯಾಗುವುದೂ ಬಂತು. ಹೊಂಗೆನೆರಳಿನ ಮ್ಯಾನೇಜರ್ ಚಂದ್ರಮೌಳಿ ಕೆಟ್ಟವನೇನಲ್ಲ, ಆದರೆ ಅಲ್ಲೊಂದು ಕಟ್ಟುಪಾಡಿತ್ತು. ಹಾಸಿಗೆ ಒದ್ದೆ ಮಾಡಿಕೊಳ್ಳುವವರು ಮೂರನೇ ಮಹಡಿಗೆ. ಅಲ್ಲಿ ಕಂಬಿಯಿರುವ ಒಂಟಿ ಮಂಚ, ರಬ್ಬರ್ ಶೀಟು, ಡೈಪರು, ಸರದಿಯ ಮೇಲೆ ಬರುವ ನರ್ಸು. ಜೊತೆಗಾರರಿಗೆ ಅಲ್ಲಿ ಜಾಗವಿಲ್ಲ. ಸುಲೋಚನಮ್ಮ ಒದ್ದೆ ಹಾಸನ್ನು ಬಚ್ಚಲಲ್ಲಿ ತಾನೇ ಹಿಂಡಿ ಎಷ್ಟು ದಿನ ಮುಚ್ಚಿಟ್ಟಾಳು? ಚಂದ್ರಮೌಳಿ ಕರೆದು, ಶ್ರಾವಣ ಮುಗಿಯುವವರೆಗೆ ಗೆಜ್ಜೆಯ ಗುಣ ನೋಡೋಣ, ಆಮೇಲೂ ಹೀಗೇ ಇದ್ದರೆ ಮೇಲೆ ಕಳಿಸದೆ ವಿಧಿಯಿಲ್ಲ ಎಂದ. ಅಕ್ಕ ಮೂರನೇ ಮಹಡಿಯಲ್ಲಿ ಒಬ್ಬಳೇ ಕಣ್ಣುಬಿಟ್ಟು, ನಾನೆಲ್ಲಿದ್ದೀನಿ ಎಂದು ಕಂಬಿ ಹಿಡಿದು ಕೇಳುವುದನ್ನು ನೆನೆದರೇ ಸುಲೋಚನಮ್ಮನಿಗೆ ಅನ್ನ ಇಳಿಯುತ್ತಿರಲಿಲ್ಲ.

ಮೊದಲ ತಿಂಗಳು ಗೆಜ್ಜೆ ಅಕ್ಕನ ಹತ್ತಿರ ಸೋತಿತು. ಅದು ಗುಂಯ್ ಎಂದರೆ ಅವಳು ಇರುವೆ ಎಂದು ಕಾಲು ಕೊಡವುತ್ತಿದ್ದಳು. ಇರುವೆಯಲ್ಲಮ್ಮ, ನಿಮಗೆ ಒಂದಕ್ಕೆ ಬಂದಿದೆ ಎಂದು ಜೋವಿಟಾ ತಿಳಿಸಿಹೇಳಿದರೆ ಮುಖ ಕೆಂಪಗೆ ಮಾಡಿಕೊಂಡು, ತನಗೆ ಅಂಥ ರೋಗವೇನೂ ಇಲ್ಲ, ಇದ್ದವರಿಗೆ ಹೋಗಿ ಕಟ್ಟು ಎನ್ನುತ್ತಿದ್ದಳು. ಹಾಗೆಂದ ಸ್ವಲ್ಪ ಹೊತ್ತಿಗೆಲ್ಲ ಕುರ್ಚಿ ಒದ್ದೆಯಾಗಿರುತ್ತಿತ್ತು. ಕರೆಂಟು ಮೂತ್ರಕೋಶವನ್ನು ತಡೆದು ಹಿಡಿಯುವುದು ಕೊಂಚ ಹೊತ್ತು ಮಾತ್ರ. ಏಳಬೇಕಾದವಳು ಏಳದಿದ್ದರೆ ಯಂತ್ರ ಏನು ಮಾಡೀತು.

ಎರಡನೇ ತಿಂಗಳ ಶುರುವಿನಲ್ಲಿ ಒಂದು ಸಂಜೆ, ಭಜನೆ ಮುಗಿಯುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಅಡುಗೆಮನೆಯಿಂದ ಮಂಡಕ್ಕಿ ಒಗ್ಗರಣೆಯ ವಾಸನೆ ಬರುತ್ತಿತ್ತು. ದಾವಣಗೆರೆಯ ಜನ ಈ ವಾಸನೆಗೆ ಕತ್ತಲನ್ನು ಲೆಕ್ಕಿಸುವವರಲ್ಲ. ಎಲ್ಲರೂ ಕೈಗೆ ಸಿಕ್ಕ ಚಪ್ಪಲಿ ಮೆಟ್ಟಿ, ಕೈಗೆ ಸಿಕ್ಕ ಗೆಜ್ಜೆ ಸಿಕ್ಕಿಸಿಕೊಂಡು ಹೊರಟರು. ಚಪ್ಪಲಿ ಅದಲುಬದಲಾದದ್ದು ಮಾರನೇ ದಿನ ಬೆಳಕಿನಲ್ಲಿ ಗೊತ್ತಾಗಿ, ಶೇಖರಪ್ಪ ಮೇಷ್ಟ್ರು ತಮ್ಮ ಹೊಸ ಚಪ್ಪಲಿಗಾಗಿ ಕೋಣೆ ಕೋಣೆ ತಿರುಗಿದರು. ಸುಲೋಚನಮ್ಮ ಜಾಣೆ. ಇನ್ನು ಮುಂದೆ ಇಂಥ ಗೋಜಲು ಬೇಡವೆಂದು ಬೆಳಿಗ್ಗೆ ಎದ್ದವಳೇ ತನ್ನ ಕಾಲಲ್ಲಿದ್ದ ಗೆಜ್ಜೆಗೆ ರವಿಕೆ ಹೊಲಿಯುವ ಹಸಿರು ದಾರ ಸುತ್ತಿ ಗುರುತು ಮಾಡಿಕೊಂಡಳು. ಅದು ತನ್ನದೇ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅಕ್ಕ ಮಾತ್ರ ಅವತ್ತು ಗೆಜ್ಜೆ ಕಟ್ಟಿಸಿಕೊಳ್ಳಲು ಒಪ್ಪಲಿಲ್ಲ. ಇದು ನನ್ನದಲ್ಲ, ಸಡಿಲ ಐತೆ ಎಂದು ಕಾಲು ಹಿಂದಕ್ಕೆ ಎಳೆದುಕೊಂಡಳು. ದಿನಾ ಇದೇ ರಾಗ ಕೇಳಿ ಸುಲೋಚನಮ್ಮನಿಗೆ ಸಾಕಾಗಿತ್ತು.

"ಆಯ್ತು ಕಣಕ್ಕ, ನಿಂದಲ್ಲ. ನಂದೇ ಇದು," ಎಂದಳು. "ನನ್ನ ಕಾಲು ಊದ್ಕೊಂಡೈತೆ, ನಿನ್ನ ಕಾಲಾಗೆ ಸ್ವಲ್ಪ ಇಟ್ಕೊಂಡಿರು."

ಅಕ್ಕ ಅವಳ ಮುಖ ನೋಡಿದಳು. "ನಿಂದಾ? ಹಂಗಂದ್ರೆ ಕೊಡು," ಎಂದು ಕಾಲು ಚಾಚಿದಳು.

ಅಂದಿನಿಂದ ಸುಲೋಚನಮ್ಮನ ಗೆಜ್ಜೆಗೆ ಹುಚ್ಚು ಹಿಡಿಯಿತು. ಈಗಷ್ಟೇ ಬಾತ್‌ರೂಮಿನಿಂದ ಬಂದು ಕೂತರೆ ಗುಂಯ್. ಹೋಗಿ ಕೂತರೆ ಏನೂ ಇಲ್ಲ. ಕೆಟ್ಟಿದೆ ಎಂದುಕೊಂಡಳು, ಆದರೂ ಎದ್ದಳು. ಎಪ್ಪತ್ತಾರರ ಮೂತ್ರಕೋಶವನ್ನು ಯಾರು ನಂಬುತ್ತಾರೆ. ಎದ್ದಾಗೆಲ್ಲ ಅಕ್ಕನ ಕೈ ಹಿಡಿದು ಎಬ್ಬಿಸಿದಳು. ಇದು ಭಟ್ಟಿಯ ಮನೆಯ ರೂಢಿ. ಆ ಮನೆಗೆ ಇದ್ದದ್ದು ಹಿತ್ತಲ ಮೂಲೆಯಲ್ಲಿ ಒಂದೇ ಕಕ್ಕಸು. ನಡುವೆ ಹೊಟ್ಟಿನ ರಾಶಿ, ಹಾವಿನ ಭಯ. ಸೊಸೆಯರು ಮಾತು ಬಿಟ್ಟಿದ್ದ ದಿನಗಳಲ್ಲೂ ಅಲ್ಲಿಗೆ ಮಾತ್ರ ಇಬ್ಬರೂ ಜೊತೆಯಾಗಿ, ಮುಖ ಬಿಗಿದುಕೊಂಡು, ಒಂದೇ ಟಾರ್ಚಿನಲ್ಲಿ ಹೋಗಿಬರುತ್ತಿದ್ದರು. ಒಬ್ಬಳೇ ಒಂದಕ್ಕೆ ಹೋಗುವುದು ಸುಲೋಚನಮ್ಮನಿಗೆ ಇಂದಿಗೂ ಸರಿಬರುತ್ತಿರಲಿಲ್ಲ. ಕರೆದರೆ ಅಕ್ಕನೂ ಬರುತ್ತಿದ್ದಳು, ಬಂದ ಮೇಲೆ ತಾನೂ ಕೂತು ಏಳುತ್ತಿದ್ದಳು.

ಇನ್ನೊಂದು ವಿಚಿತ್ರವೂ ನಡೆಯುತ್ತಿತ್ತು. ಕೆಲವು ಸಲ ಅಕ್ಕ ಇದ್ದಕ್ಕಿದ್ದ ಹಾಗೆ ಎದ್ದು ನಿಂತು ಕೈ ಚಾಚುತ್ತಿದ್ದಳು.

"ಏಳೇ ಸುಲೂ, ಅತ್ತೆ ಏಳೋದ್ರೊಳಗೆ ಹೋಗಿ ಬರಾನ."

ಈ ಮಾತು ಸುಲೋಚನಮ್ಮನಿಗೆ ಹಳೆಯದು. ಮದುವೆಯಾದ ಮರುವರ್ಷ ಮೂರು ದಿನ ನೋವು ತಿಂದು ಹೆತ್ತ ಕೂಸು ಅವಳಿಗೆ ಉಳಿಯಲಿಲ್ಲ. ಅದರ ಜೊತೆಗೇ ಉಚ್ಚೆಯ ಹಿಡಿತವೂ ಹೋಯಿತು. ನಾಲ್ಕು ತಿಂಗಳು ಮಲಗಿದಲ್ಲೇ ಒದ್ದೆ. ಗೊತ್ತಾದರೆ ಅತ್ತೆ ತವರಿಗೆ ಅಟ್ಟುವುದು ಖಂಡಿತವಿತ್ತು. ಆಗ ಅಕ್ಕ ನಸುಕಿನಲ್ಲೇ ಬಂದು ಇದೇ ಮಾತು ಹೇಳಿ ಎಬ್ಬಿಸಿ ಹಿತ್ತಲಿಗೆ ಕರೆದೊಯ್ಯುತ್ತಿದ್ದಳು. ಅಷ್ಟರೊಳಗೆ ಒದ್ದೆಯಾಗಿದ್ದ ಸೀರೆಗಳನ್ನು ಒಗೆದು ಭಟ್ಟಿಯ ಬಿಸಿ ಗೋಡೆಯ ಮೇಲೆ ಹರವುತ್ತಿದ್ದಳು. ಇದೇನು ದಿನಾ ಇಷ್ಟು ಒಗೆತ ಎಂದು ಅತ್ತೆ ಕೇಳಿದರೆ, "ನಮ್ಮ ಶೈಲಜಾಂದು ಅತ್ತೆ, ರಾತ್ರಿಯೆಲ್ಲ ಉಚ್ಚೆ," ಎಂದು ತನ್ನ ಹಸುಗೂಸಿನ ಮೇಲೆ ಹಾಕುತ್ತಿದ್ದಳು. ಅಕ್ಕನ ಮನಸ್ಸು ಮರೆವಿನಲ್ಲಿ ಆ ದಿನಗಳಿಗೆ ಜಾರಿದೆ ಎಂದುಕೊಂಡು ಸುಲೋಚನಮ್ಮ ಮರುಮಾತಾಡದೆ ಎದ್ದು ಅವಳ ಜೊತೆ ಹೋಗುತ್ತಿದ್ದಳು. ಹೋದಾಗ ತನಗೂ ನಿಜವಾಗಿ ಬಂದಿರುತ್ತಿತ್ತು. ಅದರ ಬಗ್ಗೆ ಅವಳು ಹೆಚ್ಚು ಯೋಚಿಸಲಿಲ್ಲ.

ಹಾಸಿಗೆ ಒಣಗಿತು. ಒಂದು ದಿನವಲ್ಲ, ವಾರಗಟ್ಟಲೆ.

ಹಳೆಯ ಹಾಸಿಗೆ ದಾಸ್ತಾನಿನ ಕೋಣೆಯನ್ನು ಜೋವಿಟಾ ತನ್ನ ನಿಗಾ ಕೋಣೆ ಮಾಡಿಕೊಂಡಿದ್ದಳು. ಗೋಡೆ ತುಂಬ ಪರದೆ, ಪರದೆ ತುಂಬ ಬಣ್ಣದ ಗೆರೆ. ಒಂದೊಂದು ಗೆರೆ ಒಬ್ಬೊಬ್ಬರ ಹೊಟ್ಟೆ. ಸುಲೋಚನಮ್ಮ ಖಾರಮಂಡಕ್ಕಿಯ ಡಬ್ಬಿ ಹಿಡಿದು ಅಲ್ಲಿಗೆ ಹೋಗುವುದಿತ್ತು. ಅವಳಿಗೆ ಆ ಗೆರೆಗಳನ್ನು ನೋಡುವುದು ಚಂದ, ಜೋವಿಟಾಳಿಗೆ ಮಂಡಕ್ಕಿ ಚಂದ. ಆ ದಿನ ಜೋವಿಟಾ ಅವಳನ್ನು ಕೈಹಿಡಿದು ಕೂರಿಸಿ ಒಂದು ನೀಲಿ ಗೆರೆ ತೋರಿಸಿದಳು. ಅದು ಏರುತ್ತದೆ, ಗೆಜ್ಜೆ ನಡುಗುತ್ತದೆ, ಕೂಡಲೇ ಇಳಿಯುತ್ತದೆ. ಅಕ್ಕನ ಗೆರೆ. ಇಡೀ ಹೊಂಗೆನೆರಳಿನಲ್ಲಿ ಇದರಷ್ಟು ಅಚ್ಚುಕಟ್ಟಾದ ಗೆರೆ ಇನ್ನೊಂದಿಲ್ಲ ಎಂದಳು. ಸುಲೋಚನಮ್ಮನದೂ ಚೆನ್ನಾಗಿದೆಯಂತೆ, ಇಬ್ಬರದೂ ಹೆಚ್ಚುಕಡಿಮೆ ಒಟ್ಟಿಗೇ ಇಳಿಯುತ್ತದಂತೆ. ತನ್ನ ಗೆಜ್ಜೆ ಕಾರಣವಿಲ್ಲದೆ ನಡುಗುತ್ತದೆಂದು ಸುಲೋಚನಮ್ಮ ದೂರಿದರೆ, ಗೆರೆ ಸರಿಯಾಗಿದೆಯಲ್ಲ ಎಂದು ಜೋವಿಟಾ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಸಂಭ್ರಮ ಬೇರೆಯೇ ಇತ್ತು. ಮರೆವು ಬಂದವರ ಮೇಲೂ ಗೆಜ್ಜೆ ಕೆಲಸ ಮಾಡುತ್ತದೆಂದು ಸಿಕ್ಕ ಮೊದಲ ಸಾಕ್ಷಿ ಅಕ್ಕ. ತಿಂಗಳ ಕೊನೆಗೆ ಗೆಜ್ಜೆಯ ಗುಣ ಪರೀಕ್ಷಿಸುವ ಸರ್ಕಾರಿ ಸಮಿತಿಯವರು ಬರುತ್ತಾರೆ. ಅವರು ಒಪ್ಪಿದರೆ ರಾಜ್ಯದ ಎಲ್ಲ ನಿವಾಸಗಳ ಮರೆವಿನವರಿಗೂ ಇದೇ ಗೆಜ್ಜೆ, ಇದೇ ಕರೆಂಟಿನ ಅಳತೆ. ಆಮೇಲೆ ಅವರನ್ನು ಹೊತ್ತುಹೊತ್ತಿಗೆ ಎಬ್ಬಿಸಿ ಕರೆದೊಯ್ಯುವ ಆಯಾಗಳನ್ನು ಬೇರೆ ಕೆಲಸಕ್ಕೆ ಹಾಕಬಹುದು.

ಸುಲೋಚನಮ್ಮ ಮಂಡಕ್ಕಿಯ ಡಬ್ಬಿ ಅಲ್ಲೇ ಮರೆತು ಕುಣಿಯುತ್ತ ಕೋಣೆಗೆ ಬಂದಳು. ಅಕ್ಕ ಮೇಲೆ ಹೋಗುವುದಿಲ್ಲ.

ನಾಗರ ಪಂಚಮಿಗೆ ಶೈಲಜಾ ಕಾರು ತಂದು ತಾಯಿಯನ್ನು ರಾಣೇಬೆನ್ನೂರಿಗೆ ಕರೆದೊಯ್ದಳು. ನೆಗಡಿಯಾಗಿದ್ದ ಸುಲೋಚನಮ್ಮ ಉಳಿದಳು. ಕೋಣೆಯಲ್ಲಿ ಒಬ್ಬಳೇ ಕೂತು, ಅಕ್ಕನಿಲ್ಲದೆ ಟಿವಿಯನ್ನೂ ಬೈಯಲು ಮನಸ್ಸಾಗದೆ ತಂಬಿಟ್ಟಿನ ಉಂಡೆ ಮುರಿಯುತ್ತಿದ್ದಾಗ ಗೆಜ್ಜೆ ಗುಂಯ್ ಎಂದಿತು. ಅವಳು ಆಗಷ್ಟೇ ಬಾತ್‌ರೂಮಿನಿಂದ ಬಂದಿದ್ದಳು. ಸುಮ್ಮನಿದ್ದಳು. ಗೆಜ್ಜೆ ಇನ್ನಷ್ಟು ಜೋರಾಗಿ ನಡುಗಿ, ಆಮೇಲೆ ನಿಂತಿತು. ಸ್ವಲ್ಪ ಹೊತ್ತಿಗೆ ಶೈಲಜಾಳ ಫೋನು: ಚಿಕ್ಕಮ್ಮ, ಅಮ್ಮ ಸೋಫಾ ಒದ್ದೆ ಮಾಡಿಕೊಂಡಳು, ಅಲ್ಲಿ ಚೆನ್ನಾಗಿದ್ದಳಲ್ಲ, ಏನಾಯ್ತು?

ಮಧ್ಯಾಹ್ನದ ಮೇಲೆ ಗೆಜ್ಜೆ ಮತ್ತೆ ನಡುಗಿತು. ಸುಲೋಚನಮ್ಮ ಕಾಲನ್ನೇ ನೋಡಿದಳು. ಫೋನು ಎತ್ತಿದಳು.

"ಶೈಲಾ, ನಿಮ್ಮಮ್ಮನ್ನ ಈಗ್ಲೇ ಕೈಹಿಡಿದು ಬಾತ್‌ರೂಮಿಗೆ ಕರ್ಕೊಂಡು ಹೋಗು."

ಆಚೆ ಕಡೆ ಕುರ್ಚಿ ಸರಿದ ಸದ್ದು, ಚಪ್ಪಲಿಯ ಸದ್ದು. ಸ್ವಲ್ಪ ಹೊತ್ತಿಗೆ ಸುಲೋಚನಮ್ಮನ ಕಾಲಿನ ನಡುಕ ನಿಂತಿತು. ಫೋನಿಗೆ ಮರಳಿದ ಶೈಲಜಾ, ನಿಮಗೆ ಹೇಗೆ ಗೊತ್ತಾಯ್ತು ಚಿಕ್ಕಮ್ಮ ಎಂದು ಮೂರು ಸಲ ಕೇಳಿದಳು. ಸುಲೋಚನಮ್ಮನಿಗೆ ಕತ್ತಲೆಯ ಆ ಸಂಜೆ, ಒಗ್ಗರಣೆಯ ವಾಸನೆ, ತಾನು ಜಾಣೆಯೆಂದುಕೊಂಡು ಸುತ್ತಿದ ಹಸಿರು ದಾರ ಎಲ್ಲ ಒಟ್ಟಿಗೆ ನೆನಪಾದವು. ಇಷ್ಟು ದಿನ ತನ್ನ ಕಾಲಿನಲ್ಲಿ ನಡುಗಿದ್ದು ಅಕ್ಕನ ಹೊಟ್ಟೆ. ಅಷ್ಟು ದೂರದಲ್ಲಿರುವ ಅಕ್ಕ ತನ್ನ ಕಾಲು ಹಿಡಿದುಕೊಂಡೇ ಇದ್ದಾಳೆ ಎನಿಸಿ ಅವಳು ಗೆಜ್ಜೆಯ ಮೇಲೆ ಕೈಯಿಟ್ಟು ಅತ್ತಳು.

ಅತ್ತು ಮುಗಿದ ಮೇಲೆ ಹೆದರಿಕೆ ಬಂತು. ಹೇಳಿದರೆ ಗೆಜ್ಜೆ ಸರಿಮಾಡುತ್ತಾರೆ, ಅಕ್ಕ ಮತ್ತೆ ಇರುವೆ ಎನ್ನುತ್ತಾಳೆ, ಮೂರನೇ ಮಹಡಿ ತಪ್ಪಿದ್ದಲ್ಲ. ಹೇಳದಿದ್ದರೆ ಯಾರಿಗೂ ತಿಳಿಯುವುದೇ ಇಲ್ಲ. ಹೇಳಬಾರದೆಂದು ಗಟ್ಟಿಮಾಡಿಕೊಂಡಳು. ಆದರೆ ಅನ್ನ ಕಲಸುವಾಗ, ಜಪಕ್ಕೆ ಕೂತಾಗ ಯಾವುದೋ ಊರಿನ ಯಾವುದೋ ನಿವಾಸದ ಒಬ್ಬ ಮುದುಕಿ ಕಣ್ಣ ಮುಂದೆ ಬರತೊಡಗಿದಳು. ಅವಳ ಕಾಲಲ್ಲೂ ಗೆಜ್ಜೆ. ಅವಳೂ ಇರುವೆ ಎಂದು ಕೊಡವುತ್ತಾಳೆ. ಎಬ್ಬಿಸುವ ಆಯಾ ಇಲ್ಲ, ಕೈಹಿಡಿಯುವ ವಾರಗಿತ್ತಿ ಇಲ್ಲ. ಯಂತ್ರ ನೋಡಿಕೊಳ್ಳುತ್ತದೆ ಎಂದು ಎಲ್ಲರೂ ಹೋಗಿಬಿಟ್ಟಿದ್ದಾರೆ. ಆ ಮುದುಕಿಗೆ ದಿನದಿನಕ್ಕೂ ಅಕ್ಕನ ಮುಖವೇ ಬರುತ್ತ ಹೋಯಿತು.

ಅಕ್ಕ ಊರಿಂದ ಮರಳಿದ ಮೇಲೆ ಸುಲೋಚನಮ್ಮ ನಿಗಾ ಕೋಣೆಗೆ ಹೋಗಿ, ಕಾಲು ಚಾಚಿ, ಹಸಿರು ದಾರ ತೋರಿಸಿ ಎಲ್ಲ ಹೇಳಿದಳು. ಜೋವಿಟಾ ಪರದೆಯ ನೀಲಿ ಗೆರೆಯ ಮೇಲೆ ಮೊದಲಿಂದ ಕೊನೆಯವರೆಗೆ ಬೆರಳಾಡಿಸಿದಳು.

"ನೀವು ಹೇಳದೆ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ ಅಮ್ಮ."

"ಗೊತ್ತು. ಅದಕ್ಕೇ ಹೇಳೋದು ಇಷ್ಟು ತಡ ಆತು," ಎಂದಳು ಸುಲೋಚನಮ್ಮ.

ಜೋವಿಟಾಳೇ ಬಂದು ಗೆಜ್ಜೆಗಳನ್ನು ಅದಲುಬದಲು ಮಾಡಿ ಸರಿಯಾದ ಕಾಲಿಗೆ ಕಟ್ಟಿದಳು. ಇದು ನಿಮ್ಮದೇ ಅಮ್ಮ, ನಡುಗಿದರೆ ನೀವು ಏಳಬೇಕು ಎಂದು ಅಕ್ಕನಿಗೆ ಮತ್ತೊಮ್ಮೆ ಬಿಡಿಸಿ ಹೇಳಿದಳು. ಅಕ್ಕ, ನನಗೆ ಅಂಥದ್ದೇನಿಲ್ಲ ಎಂದಳು. ಸಂಜೆಗೆ ಕುರ್ಚಿ ಒದ್ದೆ, ಬೆಳಿಗ್ಗೆ ಹಾಸಿಗೆ ಒದ್ದೆ. ಸುಲೋಚನಮ್ಮ ಆಗಾಗ ಎಬ್ಬಿಸಿ ನೋಡಿದಳು; ಯಾವ ಹೊತ್ತಿಗೆ ಎಬ್ಬಿಸಬೇಕೆಂದು ಈಗ ಅವಳ ಕಾಲು ಹೇಳುತ್ತಿರಲಿಲ್ಲ. ಗೆಜ್ಜೆಯ ಜೋಡಿಯನ್ನೇ ಬದಲಿಸಿ ಅಕ್ಕನದನ್ನು ತನಗೇ ಕಟ್ಟಿರೆಂದು ಬೇಡಿದಳು. ಕಟ್ಟಬಹುದು, ಆದರೆ ಮೂತ್ರಕೋಶ ತಡೆಯಲು ಕರೆಂಟು ಅಕ್ಕನ ಕಾಲಿಗೇ ಬೇಕು, ಅದಿಲ್ಲದೆ ಅವರಿಗೆ ಬಾತ್‌ರೂಮು ಮುಟ್ಟುವವರೆಗೂ ತಡೆಯಲಾಗದ ದಿನ ದೂರವಿಲ್ಲ ಎಂದು ಜೋವಿಟಾ ತಲೆ ತಗ್ಗಿಸಿದಳು. ಸಮಿತಿಗೆ ನಿಜ ಬರೆದು ಕಳಿಸಿದ್ದೇನೆ, ಮರೆವಿನವರಿಗೆ ಇದು ಸಾಲದು ಎಂದೂ ಹೇಳಿದಳು.

ಶ್ರಾವಣ ಮುಗಿಯಿತು. ಚಂದ್ರಮೌಳಿ ಕೋಣೆಗೆ ಬಂದು, ಮೇಲೆ ಕಿಟಕಿಯ ಪಕ್ಕದ ಮಂಚವನ್ನೇ ಇಟ್ಟಿದ್ದೇನೆ, ನೀವು ದಿನಾ ಬಂದು ನೋಡಬಹುದು ಎಂದ. ಅವನಿಗೂ ಹೇಳಲು ಕಷ್ಟವಾಗುತ್ತಿತ್ತು. ಸುಲೋಚನಮ್ಮ ಅಕ್ಕನ ಬಾಚಣಿಗೆ, ವಿಭೂತಿ ಗಟ್ಟಿ, ಎರಡು ನೂಲಿನ ಸೀರೆ ಚೀಲಕ್ಕೆ ಹಾಕಿದಳು. ಅಕ್ಕ ಮಂಚದ ಮೇಲೆ ಕೂತು, ಯಾರು ಊರಿಗೆ ಹೊರಟಿದ್ದಾರೆ ಎಂದು ಕೇಳಿದಳು. ಸುಲೋಚನಮ್ಮ ಒಂದು ಸೀರೆಯನ್ನು ಮತ್ತೆ ಹೊರತೆಗೆದು ಮಡಚತೊಡಗಿದಳು.

ಅಷ್ಟರಲ್ಲಿ ಜೋವಿಟಾ ಏದುಸಿರು ಬಿಡುತ್ತ ಬಂದಳು. ಹಳೆಯ ಗೆರೆಗಳನ್ನೆಲ್ಲ ಮತ್ತೆ ತೆಗೆದು ನೋಡಿದ್ದಳಂತೆ.

"ಅಮ್ಮ, ಅಕ್ಕನ ಗೆರೆ ನಿಮ್ಮಿಂದ ಸರಿಯಾಯ್ತು, ಅದು ಅರ್ಥ ಆಯ್ತು. ಆದರೆ ಆ ದಿನಗಳಲ್ಲಿ ನಿಮ್ಮ ಗೆರೆಯೂ ಸರಿಯಾಗಿತ್ತಲ್ಲ. ನಿಮ್ಮ ಗೆಜ್ಜೆ ಇದ್ದದ್ದು ಅಕ್ಕನ ಕಾಲಲ್ಲಿ. ಅದು ನಡುಗಿದಾಗೆಲ್ಲ ನೀವು ಹೋಗಿದ್ದೀರಿ. ನಿಮ್ಮನ್ನು ಎಬ್ಬಿಸಿದ್ದು ಯಾರು?"

ಸುಲೋಚನಮ್ಮ ಕೈಯಲ್ಲಿದ್ದ ಸೀರೆ ಹಿಡಿದುಕೊಂಡೇ ನಿಂತಳು. ಏಳೇ ಸುಲೂ. ಮರೆವಿನ ಮಾತೆಂದು ತಾನು ತಿಳಿದದ್ದು ಮರೆವಲ್ಲ. ಕಾಲಿನ ಗೆಜ್ಜೆ ನಿನ್ನದೇ ಎಂದಾಗೆಲ್ಲ ಅಕ್ಕ ಕೊಡವಿದ್ದಳು. ಸುಲೂದು ಎಂದು ಕೇಳಿದ ಮೇಲೆ ಒಂದು ದಿನವೂ ಅದನ್ನು ಇರುವೆ ಎಂದಿರಲಿಲ್ಲ.

ಅವಳು ಚೀಲ ಪಕ್ಕಕ್ಕಿಟ್ಟು, ಮೊಣಕಾಲೂರಿ ಕೂತು, ಅಕ್ಕನ ಕಾಲಲ್ಲಿದ್ದ ಗೆಜ್ಜೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದಳು. ಅಕ್ಕನದೇ ಗೆಜ್ಜೆ, ಅಕ್ಕನದೇ ಕಾಲು.

"ಅಕ್ಕ, ಇದು ನಂದು. ನನಗೆ ಆವಾಗಿನ ಥರಾನೇ ಆಗೈತೆ. ಹಿಡಿತ ಇಲ್ಲ. ನಿನ್ನ ಕಾಲಾಗೆ ಇಟ್ಕೊಂಡಿರು, ನಡುಗಿದ್ರೆ ನನ್ನ ಎಬ್ಬಿಸು."

ಅಕ್ಕ ಬಾಗಿಲಲ್ಲಿ ನಿಂತಿದ್ದ ಚಂದ್ರಮೌಳಿಯನ್ನೊಮ್ಮೆ, ಅವನ ಹಿಂದೆ ಆಯಾ ಹಿಡಿದು ನಿಂತಿದ್ದ ಗಾಲಿಕುರ್ಚಿಯನ್ನೊಮ್ಮೆ ನೋಡಿ, ಸುಲೋಚನಮ್ಮನ ಕಿವಿಯ ಹತ್ತಿರ ಬಾಗಿ, ಮೆಲ್ಲಗೆ ಮಾತಾಡು, ಯಾರಿಗೂ ಹೇಳಬೇಡ ಎಂದಳು. ಕಾಲು ಚಾಚಿದಳು.

ಇವತ್ತೊಂದು ದಿನ ನೋಡೋಣ ಎಂದು ಜೋವಿಟಾ ಚಂದ್ರಮೌಳಿಯನ್ನು ಕೇಳಿಕೊಂಡಳು. ಅವನು ಗಡಿಯಾರ ನೋಡಿ, ಆಯಾಳನ್ನು ಕಳಿಸಿ, ಬಾಗಿಲಿಗೊರಗಿ ನಿಂತ. ಅಕ್ಕನಿಗೆ ದೊಡ್ಡ ಲೋಟದಲ್ಲಿ ಮಜ್ಜಿಗೆ ಕೊಟ್ಟರು. ಹೊರಗೆ ಶೇಖರಪ್ಪ ಮೇಷ್ಟ್ರು ಯಾರಿಗೋ ಹೊಸ ಚಪ್ಪಲಿಯ ಕಥೆಯನ್ನು ಮೊದಲಿಂದ ಹೇಳುತ್ತಿದ್ದರು. ಸುಲೋಚನಮ್ಮ ಎದುರಿನ ಮಂಚದ ಮೇಲೆ ಕೈಕಟ್ಟಿ ಕೂತಿದ್ದಳು. ಬೆಳಿಗ್ಗೆಯಿಂದ ಗಂಟಲಿಗೆ ನೀರು ಹೋಗಿರಲಿಲ್ಲ. ಅವಳ ಹೊಟ್ಟೆಯಲ್ಲಿ ಏನೂ ಇರಲಿಲ್ಲ.

ಗುಂಯ್ ಎಂಬ ಸದ್ದು ಕೋಣೆಗೆಲ್ಲ ಕೇಳಿಸಿತು. ಅಕ್ಕ ಕಾಲಿನ ಕಡೆ ನೋಡಿದಳು. ಕೊಡವಲಿಲ್ಲ. ಸೆರಗು ಸರಿಮಾಡಿಕೊಂಡು, ಮಂಚದ ಅಂಚು ಹಿಡಿದು ಎದ್ದು, ಬಂದು ಕೈ ಚಾಚಿದಳು.

"ಏಳೇ ಸುಲೂ, ಅತ್ತೆ ಏಳೋದ್ರೊಳಗೆ ಹೋಗಿ ಬರಾನ."

"ಹೂಂ ಅಕ್ಕ, ಬಂದೆ," ಎಂದು ಸುಲೋಚನಮ್ಮ ಆ ಕೈ ಹಿಡಿದು ಎದ್ದಳು. ಜೋವಿಟಾ ಕಣ್ಣೊರೆಸಿಕೊಂಡಳು. ಚಂದ್ರಮೌಳಿ ಗಾಲಿಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಬಾಗಿಲಿನಿಂದ ಸರಿದು ಇಬ್ಬರಿಗೂ ದಾರಿ ಬಿಟ್ಟ.